ಅಪ್ಪನ ಕೋವಿಯ ಒದೆ

ನಮ್ಮ ಅಡುಗೆಮನೆಗೆ ಮೊದಲ ಸಲ ಬಂದವರು ಕೇಳುವುದು ಒಂದೇ ಪ್ರಶ್ನೆ. ಬಿಸಿ ಪಾತ್ರೆ ಇಡುವ ಈ ಮೆತ್ತೆಗೆ ನಾಲ್ಕು ಲಾಡಿ ಯಾಕೆ? ಅವರು ಕೇಳುವುದರಲ್ಲಿ ತಪ್ಪಿಲ್ಲ. ಒಂದು ಬದಿಗೆ ಅಪ್ಪನ ಹಳೆಯ ಖಾಕಿ ಪ್ಯಾಂಟಿನ ಬಟ್ಟೆ, ಇನ್ನೊಂದು ಬದಿಗೆ ನನ್ನ ನೀಲಿ ರವಿಕೆಯ ತುಂಡು, ಒಳಗೆ ಬೂರುಗದ ಹತ್ತಿ. ಗಂಜಿಯ ಪಾತ್ರೆ ಇಟ್ಟು ಇಟ್ಟು ನಡುವೆ ಉರುಟಾದ ಕಂದು ಕಲೆ ಬಿದ್ದಿದೆ. ಮೂಲೆಗಳಲ್ಲಿ ಲಾಡಿಗಳು ಜೋತಾಡುತ್ತವೆ. ಪಾತ್ರೆ ಇಡುವ ಮೆತ್ತೆಯನ್ನು ಯಾರೂ ಎಲ್ಲಿಗೂ ಕಟ್ಟುವುದಿಲ್ಲವಲ್ಲ.

“ಅದು ಮೊದಲು ನನ್ನ ಹೆಗಲಿಗೆ ಕಟ್ಟುವುದಾಗಿತ್ತು” ಎನ್ನುತ್ತೇನೆ. “ಎಂತಕ್ಕೆ?” ಎಂದರೆ, “ರೈಫಲು ಒದೀತದಲ್ಲ, ಅದಕ್ಕೆ” ಎನ್ನುತ್ತೇನೆ. ಆಮೇಲೆ ಚಹಾದ ಲೋಟವನ್ನು ನೋಡುತ್ತಾ ಕೂರುತ್ತಾರೆ.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಹೇಳಿಯೇ ಬಿಡುತ್ತೇನೆ. ನೋಟು ಬದಲಾದ ಮರುವರ್ಷ, ಐವತ್ತು ದಾಟಿದ ಮೇಲೆ, ನಾನು ರೈಫಲು ಹೊಡೆಯಲು ಕಲಿತೆ. ಬೆಳಿಗ್ಗೆ ದೀಪ ಹಚ್ಚದೆ ಒಲೆ ಹಚ್ಚದವಳು, ಜಿರಳೆಯನ್ನು ಹೊಡೆಯುವ ಮೊದಲು ಮೂರು ಸಲ “ಹೋಗು, ಹೋಗು” ಎಂದು ಅವಕಾಶ ಕೊಡುವವಳು. ಅಂಥವಳು.

ರೈಫಲು ಅಪ್ಪನದು. ಅಪ್ಪ ಮಿಲಿಟರಿಯಲ್ಲಿದ್ದವರು. ಊರಿನಲ್ಲಿ ಅವರಿಗೆ ಮಿಲಿಟರಿ ಸಂಜೀವಣ್ಣ ಎಂದೇ ಹೆಸರು. ಪಿಂಚಣಿ ಪಡೆದು ಬಂದ ಮೇಲೆ ಕಾಡುಹಂದಿಯ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿ ಅದನ್ನು ಕೊಂಡಿದ್ದರು. ಬೇರೆಯವರ ಮನೆಗಳಲ್ಲಿರುವ ಕೇಪಿನ ಕೋವಿಯಂಥದ್ದಲ್ಲ ಅದು. ಪಾಯಿಂಟ್ ತ್ರೀ ಒನ್ ಫೈವ್; ಗೊತ್ತಿದ್ದವರು ‘ಬಿಗ್ ಬೋರ್’ ಎನ್ನುತ್ತಾರೆ. ತೋಟೆಯೇ ನನ್ನ ಕಿರುಬೆರಳಿಗಿಂತ ಉದ್ದ. ಅಮ್ಮ ತೀರಿದ ಮೇಲೆ ಅಪ್ಪ ಬೋವಿಕಾನದ ಹತ್ತಿರದ ನಮ್ಮ ಮನೆಗೆ ಬಂದು ನಿಂತರು. ಬರುವಾಗ ತಂದದ್ದು ಎರಡೇ: ಒಂದು ಟ್ರಂಕು, ಒಂದು ರೈಫಲು. ನಮ್ಮ ಮನೆಯ ಹಿಂದೆ ಮರಗೆಣಸಿನ ಸಾಲುಗಳಿದ್ದವು, ಹಂದಿಗಳೂ ಇದ್ದವು. ಅಪ್ಪ ಹೊಡೆದದ್ದು ಹೆಚ್ಚಾಗಿ ಆಕಾಶಕ್ಕೇ. ಆದರೂ ಮಾವನ ಮೇಲೆ ಭಾರೀ ಅಭಿಮಾನವಿದ್ದ ನಮ್ಮ ಯಜಮಾನರು, “ಹಂದಿಗಳಿಗೆ ನಿಮ್ಮ ಹೆಸರು ಗೊತ್ತುಂಟು ಮಾವ” ಎಂದು ಹೊಗಳುತ್ತಿದ್ದರು.

ಲೈಸೆನ್ಸ್ ಹೊಸತು ಮಾಡುವ ಕಾಲ ಬಂದಾಗ ಅಪ್ಪನಿಗೆ ಎಪ್ಪತ್ತನಾಲ್ಕು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಆಗಬೇಕಿತ್ತು. ಆಫೀಸಿನಲ್ಲಿ ಹೇಳಿದರಂತೆ: ನೀವು ಇನ್ನು ಬೇಡ ಅಜ್ಜ, ವಾರಸುದಾರರ ಹೆಸರಿಗೆ ಮಾಡಿ, ಅವರು ಹೊಡೆಯಲು ಕಲಿತ ಸರ್ಟಿಫಿಕೇಟು ತರಬೇಕು, ಇಲ್ಲದಿದ್ದರೆ ಅವಧಿ ಮುಗಿಯುವುದರೊಳಗೆ ಕೋವಿಯನ್ನು ಸ್ಟೇಷನಿಗೆ ಒಪ್ಪಿಸಿ. ನನ್ನ ತಮ್ಮ ಶಾರ್ಜಾದಲ್ಲಿ. ಉಳಿದ ವಾರಸುದಾರಳೆಂದರೆ ನಾನು.

“ಕೊಟ್ರೆ ಕೊಡುವ” ಎಂದರು ಅಪ್ಪ. “ಸ್ಟೇಷನಿನ ಮೂಲೆಯಲ್ಲಿ ಕೂತು ಗೆದ್ದಲು ಹಿಡೀಲಿ. ಅದಕ್ಕೇನು.”

ಹಾಗೆಂದವರು ಆ ಮಧ್ಯಾಹ್ನ ಅರ್ಧ ಊಟಕ್ಕೇ ಎದ್ದರು. ಬಂಗುಡೆ ಸಾರಿತ್ತು. ಬಂಗುಡೆ ಸಾರಿಗೆ ಅಪ್ಪ ಅರ್ಧಕ್ಕೇ ಏಳುವುದೆಂದರೆ ನಮ್ಮ ಮನೆಯಲ್ಲಿ ಅದು ಸಣ್ಣ ಸುದ್ದಿಯಲ್ಲ. ಮರುದಿನವೂ ಹಾಗೆಯೇ. ಮೂರನೆಯ ದಿನ ನಾನೇ ಕೇಳಿದೆ, “ಅಪ್ಪಾ, ಅದು ತುಂಬ ಒದೀತದಾ?”

ಅಪ್ಪ ತಟ್ಟೆಯಿಂದ ತಲೆ ಎತ್ತಿದರು. “ಒದೀತದೆ” ಎಂದರು. “ಆದ್ರೆ ನಿನ್ನಮ್ಮನಷ್ಟು ಇಲ್ಲ” ಎಂದು ಇನ್ನೊಂದು ಸೌಟು ಅನ್ನ ಬಡಿಸಿಕೊಂಡರು.

ಪಾಠ ಮನೆಯಲ್ಲೇ ಶುರುವಾಯಿತು. ಚಾವಡಿಯಲ್ಲಿ ಚಾಪೆ ಹಾಸಿ, ಖಾಲಿ ರೈಫಲಿನೊಂದಿಗೆ ನನ್ನನ್ನು ಕವುಚಿ ಮಲಗಿಸಿ, ನಳಿಗೆಯ ತುದಿಯಲ್ಲಿ ಅಂಗಿಯ ಗುಂಡಿಯೊಂದನ್ನು ಇಡುತ್ತಿದ್ದರು. ಕುದುರೆ ಎಳೆಯುವಾಗ ಗುಂಡಿ ಬೀಳಬಾರದು. (ನಮ್ಮ ಕಡೆ ಟ್ರಿಗರ್‌ಗೆ ಕುದುರೆ ಎಂದೇ ಹೆಸರು.) ಗುಂಡಿ ಬೀಳುತ್ತಿತ್ತು. ಸೋಫಾದ ಕೆಳಗೆ, ದೇವರ ಮಣೆಯ ಕೆಳಗೆ, ಒಮ್ಮೆ ನನ್ನದೇ ರವಿಕೆಯೊಳಗೆ. ಒಂದು ಬೆಳಿಗ್ಗೆ ಪಕ್ಕದ ಮನೆಯ ಬೀಫಾತಿಮ ಬಟ್ಟಲಲ್ಲಿ ಅಕ್ಕಿಹಿಟ್ಟಿನ ಪತ್ತಿರಿ ಹಿಡಿದುಕೊಂಡು ಹಿಂಬಾಗಿಲಿನಿಂದ ಬಂದವಳು ಹೊಸ್ತಿಲಲ್ಲೇ ನಿಂತಳು. ನಾನು ನೆಲದಲ್ಲಿ ಮಲಗಿ ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟಿದ್ದೆ.

“ಅಲ್ಲಾ! ಶಾರದಕ್ಕ, ಏಕಾದಶಿಯ ಮೇಲೆ ಎಂತ ಸಿಟ್ಟು ನಿಮಗೆ?”

“ಸಿಟ್ಟಲ್ಲ ಮಾರಾಯ್ತಿ, ಪರೀಕ್ಷೆ.”

“ಈ ಪ್ರಾಯದಲ್ಲಿಯಾ? ನಮ್ಮ ಮದ್ರಸದ ಪರೀಕ್ಷೆಯಲ್ಲಿ ಇಷ್ಟು ಮಲಗಲಿಕ್ಕೆ ಇರ್ಲಿಲ್ಲಪ್ಪ” ಎಂದು ಬಟ್ಟಲನ್ನು ಅಲ್ಲೇ ಮೇಜಿನ ಮೇಲಿಟ್ಟು, ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾ ಹೋದಳು.

ನಿಜವಾದ ಅಭ್ಯಾಸ ಭಾನುವಾರಗಳಲ್ಲಿ. ಹಳೆಯ ಕೆಂಪುಕಲ್ಲಿನ ಕೋರೆಯೊಂದನ್ನು ಗುರಿಯ ಮೈದಾನ ಮಾಡಿದ್ದರು. ಮೂರು ಕಡೆ ಕಡಿದ ಕಲ್ಲಿನ ಎತ್ತರದ ಗೋಡೆ, ಈಚೆ ಕಡೆ ಶೀಟಿನ ಮಾಡಿನ ಕೆಳಗೆ ಮೇಜು, ಮೇಜಿನ ಮೇಲೆ ಮರಳಿನ ಚೀಲ. ಕಲಿಸುವವರು ಉಮ್ಮರ್ ಮಾಸ್ಟ್ರು, ಪೊಲೀಸಿನಲ್ಲಿದ್ದು ನಿವೃತ್ತರಾದವರು. ಬಿಳಿ ಗಡ್ಡ, ಮೆಲ್ಲನೆಯ ಮಾತು. ಕೋವಿಯ ಪಕ್ಕ ಇರುವವರಿಗೆ ಮೆಲ್ಲನೆಯ ಮಾತು ಹೇಗೆ ಉಳಿಯುತ್ತದೋ ನನಗೆ ಆಶ್ಚರ್ಯ.

ಹೋಗುವ ಮೊದಲ ದಿನಕ್ಕೆಂದೇ ನಾನು ಆ ಮೆತ್ತೆ ಹೊಲಿದದ್ದು. ಚೂಡಿದಾರದ ಮೇಲೆ ಬಲ ಹೆಗಲಿಗೆ ಕಟ್ಟಿ, ದುಪ್ಪಟ ಹೊದ್ದು ಮುಚ್ಚಿಕೊಂಡೆ. ಕೂಲಿಯವರು ಕಲ್ಲು ಹೊರುವಾಗ ಸಿಂಬೆ ಇಡುವುದಿಲ್ಲವೇ, ಅದೇ ಲೆಕ್ಕ. ಮೆತ್ತೆ ಎಷ್ಟು ದಪ್ಪವಿದ್ದರೆ ಅಷ್ಟು ಒಳ್ಳೆಯದು ಎಂದುಕೊಂಡು ಅರ್ಧ ತಲೆದಿಂಬಿನ ಹತ್ತಿ ತುಂಬಿಸಿದ್ದೆ. ನಮ್ಮ ಯಜಮಾನರು ನೋಡಿ, “ಒಂದು ಹೆಗಲಲ್ಲಿ ಮಗು ಮಲಗಿದ ಹಾಗೆ ಕಾಣ್ತದೆ” ಎಂದರು. ಅವರ ಮಾತಿಗೆ ಬೆಲೆ ಕೊಡುತ್ತಾ ಕೂತರೆ ಸಂಸಾರ ನಡೆಯುವುದಿಲ್ಲ.

ಇನ್ನು ಮೊದಲ ಗುಂಡಿನ ಕಥೆ. ಅದನ್ನು ಹೇಳಬೇಕಾದರೆ ಕದಿನದ ಕಥೆ ಹೇಳಬೇಕು. ಸ್ವಲ್ಪ ತಾಳಿ.

ನನ್ನ ತವರು ಕುಂಬಳೆಯಿಂದ ಒಳಗೆ, ದೇವಸ್ಥಾನಕ್ಕೆ ತಾಗಿಕೊಂಡೇ ಇತ್ತು. ಮಧ್ಯಾಹ್ನದ ಮಹಾಪೂಜೆಗೆ ಯಾರಾದರೂ ಹರಕೆ ಹೇಳಿಕೊಂಡಿದ್ದರೆ ಕದಿನ ಹೊಡೆಯುತ್ತಿದ್ದರು. ಕಬ್ಬಿಣದ ಕುಳ್ಳ ಕೊಳವೆಗೆ ಮದ್ದು ತುಂಬಿಸಿ ಬೆಂಕಿ ಮುಟ್ಟಿಸಿದರೆ ನಮ್ಮ ಮನೆಯ ಹಂಚುಗಳೆಲ್ಲ ಒಮ್ಮೆ ಕುಳಿತು ಎದ್ದ ಹಾಗಾಗುತ್ತಿತ್ತು. ಗರ್ಭಗುಡಿಯಲ್ಲಿ ಆರತಿ ಎತ್ತುವ ಹೊತ್ತಿಗೇ ಆ ಸದ್ದು. ಹಾಗಾಗಿ ಸದ್ದು ಕೇಳಿದ ಕೂಡಲೇ ಎಲ್ಲಿದ್ದರೂ ಕೈ ಮುಗಿಯಬೇಕು. ಅಮ್ಮ ಮೀನು ಕೊಯ್ಯುತ್ತಿದ್ದರೂ ಕತ್ತಿ ಬಿಟ್ಟು, ಮೊಣಕೈಗಳನ್ನು ಜೋಡಿಸಿಯಾದರೂ ಕಣ್ಣು ಮುಚ್ಚುತ್ತಿದ್ದರು. ನಾನು ಬಾವಿಯಿಂದ ನೀರು ಸೇದುತ್ತಿದ್ದಾಗ ಹಗ್ಗ ಬಿಟ್ಟು ಕೈ ಮುಗಿದು ಎಷ್ಟು ಕೊಡಪಾನಗಳನ್ನು ಬಾವಿಗೆ ಕೊಟ್ಟಿದ್ದೇನೋ! “ದೇವರು ಮೆಚ್ಚಿದ, ನಾನು ಮೆಚ್ಚಲಿಲ್ಲ” ಎಂದು ಅಮ್ಮ ಬೈಯುತ್ತಲೇ ಕೊಡ ಎತ್ತುವ ಪಾತಾಳಗರಡಿ ಹುಡುಕುತ್ತಿದ್ದರು.

ಈ ಅಭ್ಯಾಸ ಮೈಗೆ ಹತ್ತಿಬಿಟ್ಟಿತು. ಮದುವೆಯಾದ ಹೊಸತರಲ್ಲಿ ಒಮ್ಮೆ ಕುಂಬಳೆಯ ಬಸ್ ನಿಲ್ದಾಣದಲ್ಲಿ ಲಾರಿಯ ಟಯರು ಒಡೆಯಿತು. ಜನ ಅತ್ತಿತ್ತ ಓಡಿದರು. ನಾನು ಚೀಲವನ್ನು ನೆಲಕ್ಕೆ ಬಿಟ್ಟು, ಕಣ್ಣು ಮುಚ್ಚಿ, ಲಾರಿಯ ಎದುರು ಭಕ್ತಿಯಿಂದ ಕೈ ಮುಗಿದು ನಿಂತಿದ್ದೆ. ಬಸ್ಸಿನ ಕಂಡಕ್ಟರು ಬಾಗಿಲಿನಿಂದ ಬಗ್ಗಿ, “ಅಕ್ಕ, ದರ್ಶನ ಆಯ್ತಾದ್ರೆ ಹತ್ತಿ” ಎಂದ.

ಈಗ ಕೋರೆಗೆ ಬನ್ನಿ. ಮೇಜಿನ ಎದುರು ನನ್ನನ್ನು ಕೂರಿಸಿದರು. ಕಿವಿಗೆ ದಪ್ಪದ ಮುಚ್ಚಳ. ಉಮ್ಮರ್ ಮಾಸ್ಟ್ರು ಒಂದೇ ಒಂದು ತೋಟೆ ತುಂಬಿಸಿದರು. ಅಪ್ಪ ನನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ನಾನು ಒಳಗೊಳಗೇ ಅನಂತಪುರದ ದೇವರಿಗೆ ಒಂದು ತುಪ್ಪದ ದೀಪ ಹೇಳಿಕೊಂಡು ಕುದುರೆ ಎಳೆದೆ.

ಕದಿನ ಹೊಡೆಯಿತು. ನನಗೆ ಹಾಗೆಯೇ ಕೇಳಿದ್ದು. ಕೇಳಿದ ಮೇಲೆ ಏನು ಮಾಡಬೇಕೋ ಅದನ್ನೇ ಕೈಗಳು ಮಾಡಿದವು. ಎರಡೂ ಕೈ ರೈಫಲನ್ನು ಬಿಟ್ಟು ಎದೆಯ ಮುಂದೆ ಜೋಡಿಯಾದವು. ಹಿಡಿಯುವವರಿಲ್ಲದ ರೈಫಲು ಮೂತಿ ಎತ್ತಿ ಹಿಂದಕ್ಕೆ ಹಾರಿತು. ದಪ್ಪ ಮೆತ್ತೆಯ ಮೇಲೆ ಅದರ ಹಿಡಿ ನಿಲ್ಲಲಿಲ್ಲ. ಜಾರಿ ಹೆಗಲ ಮೂಳೆಗೆ ಬಡಿಯಿತು. ಉಮ್ಮರ್ ಮಾಸ್ಟ್ರು ಅದನ್ನು ಗಾಳಿಯಲ್ಲೇ ಹಿಡಿದರು. ನಾನು ಕಣ್ಣು ಮುಚ್ಚಿ, ಕೈ ಮುಗಿದುಕೊಂಡೇ, “ಅಯ್ಯೋ ದೇವರೇ” ಎಂದೆ. ಅಲ್ಲಿಗೆ ಪೂಜೆಯೂ ಪೂರ್ತಿಯಾಯಿತು.

ಮಾಸ್ಟ್ರು ರೈಫಲನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು. “ಅಕ್ಕ, ಈಗ ನೀವು ಕೈ ಮುಗಿದದ್ದು ಯಾರಿಗೆ?”

ನನ್ನ ಹಿಂದೆ ಕುರ್ಚಿ ಕಿರುಗುಟ್ಟಿತು. ಅಪ್ಪ ನಗುತ್ತಿದ್ದರು. ಅಮ್ಮ ಹೋದ ಮೇಲೆ ಅವರು ಹಾಗೆ ಹೊಟ್ಟೆ ಹಿಡಿದು ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಹೆಗಲು ಸುಡುತ್ತಿದ್ದರೂ, ಬಿದ್ದ ಏಟಿಗೆ ಇಷ್ಟಾದರೂ ಸಿಕ್ಕಿತಲ್ಲ ಎಂದು ಲೆಕ್ಕ ಹಾಕಿಕೊಂಡೆ. ಏಟು ಹಲ್ಲಿಗೆ ಬೀಳದೆ ಹೆಗಲಿಗೆ ಬಿತ್ತಲ್ಲ, ಅದು ಇನ್ನೊಂದು.

ಮಾಸ್ಟ್ರು ಮಾತ್ರ ನಗಲಿಲ್ಲ. “ಸಂಜೀವಣ್ಣ, ನಗುವ ವಿಷಯ ಅಲ್ಲ ಇದು. ಕೈಯಿಂದ ಕೋವಿ ಬಿಡುವವರಿಗೆ ನಾನು ಸರ್ಟಿಫಿಕೇಟು ಕೊಡುವುದು ಹೇಗೆ? ನಾಳೆ ಏನಾದ್ರೂ ಆದ್ರೆ ನಮ್ಮನ್ನು ಹುಟ್ಟಿಸಿದವನಿಗೆ ನಾನು ಉತ್ತರ ಕೊಡ್ಬೇಕು.”

ಅಪ್ಪನ ನಗು ಅಲ್ಲಿಗೇ ನಿಂತಿತು. ವಾಪಸು ಬರುವಾಗ ರಿಕ್ಷಾದಲ್ಲಿ ರೈಫಲಿನ ಚೀಲವನ್ನು ಮಡಿಲಲ್ಲಿಟ್ಟು ಕೂತರು. ಮನೆಯಲ್ಲಿ ಬೀಫಾತಿಮ ನನ್ನ ಹೆಗಲಿಗೆ ನೋವಿನ ಕೊಟ್ಟಂಚುಕ್ಕಾದಿ ಎಣ್ಣೆ ತಿಕ್ಕಿದಳು. “ಬದನೆಕಾಯಿಯ ಬಣ್ಣ ಬಂದಿದೆ ಶಾರದಕ್ಕ. ಇನ್ನು ಎಷ್ಟು ಭಾನುವಾರ ಉಂಟು?” “ಮೂರು.” “ಹಾಗಾದ್ರೆ ಬಾಟ್ಲಿ ಇಲ್ಲೇ ಇರಲಿ” ಎಂದು ಇಟ್ಟುಹೋದಳು.

ನನ್ನನ್ನು ಕಾಡಿದ್ದು ನೋವಲ್ಲ. ಕೈ ಮುಗಿಯದೆ ಇರುವುದು ಹೇಗೆ? ಐವತ್ತು ವರ್ಷ ನಡೆದುಬಂದ ಭಕ್ತಿಯನ್ನು ಒಂದು ಸರ್ಟಿಫಿಕೇಟಿಗಾಗಿ ಬಿಡುವುದೆಂದರೆ ಮನಸ್ಸು ಒಪ್ಪಲಿಲ್ಲ. ಸೋಮವಾರ ತವರಿನ ದೇವಸ್ಥಾನಕ್ಕೇ ಹೋದೆ. ಪೂಜೆ ಮುಗಿಸಿ ಪ್ರಸಾದ ಕೊಡುತ್ತಿದ್ದ ಅರ್ಚಕ ಭಟ್ಟರ ಹತ್ತಿರ ಮೆಲ್ಲ ಕೇಳಿದೆ.

“ಭಟ್ರೇ, ಕದಿನದ ಸದ್ದಿಗೆ ಕೈ ಮುಗಿಯದಿದ್ರೆ ದೋಷ ಉಂಟಾ?”

“ಯಾಕೆ? ಕೈಗೆ ಎಂತ ಆಯ್ತು?”

ಆದದ್ದನ್ನೆಲ್ಲ ಹೇಳಿದೆ. ಭಟ್ಟರು ಗಂಧದ ಬಟ್ಟಲನ್ನು ಕೆಳಗಿಟ್ಟರು. “ಅಲ್ಲ ಶಾರದಕ್ಕ, ಕದಿನ ಹೊಡೆಯುವಾಗ ನಾನು ಎಲ್ಲಿರ್ತೇನೆ?”

“ಗರ್ಭಗುಡಿಯಲ್ಲಿ.”

“ನನ್ನ ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಆರತಿ. ಅದನ್ನು ಬಿಟ್ಟು ನಾನು ಕೈ ಮುಗಿದ್ರೆ ಏನಾದೀತು? ಮೂವತ್ತು ವರ್ಷದಿಂದ ನಾನು ಒಂದು ಕದಿನಕ್ಕೂ ಕೈ ಮುಗಿದವನಲ್ಲ. ದೇವರು ಇದುವರೆಗೆ ನನ್ನನ್ನು ಓಡಿಸ್ಲಿಲ್ಲ. ಕೈಯಲ್ಲಿ ಕೆಲಸ ಇರುವವರು ಕೆಲಸ ಬಿಡಬಾರದು, ಅಷ್ಟೇ.” ಆಮೇಲೆ ಒಂದು ಹೂ ಹೆಚ್ಚು ಕೊಟ್ಟು, “ಆ ಕೋವಿ ಈ ಕಡೆ ತಿರುಗಿಸ್ಬೇಡಿ ಮಾತ್ರ” ಎಂದರು.

ಇಷ್ಟು ಸಣ್ಣ ವಿಷಯ ನನಗೆ ಐವತ್ತು ವರ್ಷ ಹೊಳೆದಿರಲಿಲ್ಲ ನೋಡಿ. ಎಲ್ಲರಿಗಿಂತ ದೇವರ ಹತ್ತಿರ ನಿಂತವನಿಗೇ ಕೈ ಮುಗಿಯಲು ಪುರುಸೊತ್ತಿಲ್ಲ.

ಎರಡನೆಯ ಭಾನುವಾರ ಮಾಸ್ಟ್ರು ಮೊದಲು ಮೆತ್ತೆಯನ್ನು ಬಿಚ್ಚಿಸಿದರು. “ಕೋವಿಗೂ ನಿಮಗೂ ನಡುವೆ ಜಾಗ ಇದ್ರೆ ಅದು ಓಡಿ ಬಂದು ಹೊಡೀತದೆ. ಒತ್ತಿ ಹಿಡಿದ್ರೆ ಬರೇ ದೂಡ್ತದೆ. ದೂಡಿದ್ದು ನೋಯುವುದಿಲ್ಲ ಅಕ್ಕ, ಹೊಡೆದದ್ದೇ ನೋಯುವುದು.” ಹಿಡಿಯನ್ನು ಹೆಗಲ ಗುಳಿಯಲ್ಲಿ ಕೂರಿಸಿ, ಕೆನ್ನೆಯನ್ನು ಅದರ ಮರಕ್ಕೆ ಒತ್ತಿಸಿದರು. ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರು. ಗುಂಡು ಹಾರಿತು. ಕೈಗಳು ರೈಫಲನ್ನು ಬಿಡಲಿಲ್ಲ. ಮನಸ್ಸಿನಲ್ಲೇ ಭಟ್ಟರ ಗಂಟೆಯನ್ನು ಗಟ್ಟಿಯಾಗಿ ಹಿಡಿದಿದ್ದೆ.

ಆದರೆ ಗುಂಡು ಎದುರಿನ ಗುರಿಯ ಕಾಗದಕ್ಕೆ ತಾಗಲಿಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ಎಲ್ಲ ಗುರಿಯ ಕೆಳಗೆ, ಮಣ್ಣಿಗೆ.

ಆಗ ಮಾಸ್ಟ್ರು ಒಂದು ಉಪಾಯ ಮಾಡಿದರು. ನನ್ನನ್ನು ಆಚೆ ತಿರುಗಿಸಿ, ಒಮ್ಮೆ ನಿಜವಾದ ತೋಟೆ, ಒಮ್ಮೆ ಮದ್ದಿಲ್ಲದ ತೋಟೆ, ಯಾವುದೆಂದು ಹೇಳದೆ ತುಂಬಿಸಿ ಕೊಡತೊಡಗಿದರು. ಮದ್ದಿಲ್ಲದ್ದು ಬಂದಾಗ ನಾನು ಕುದುರೆ ಎಳೆದರೆ ಟಿಕ್ ಎಂದು ಸಣ್ಣ ಸದ್ದು ಅಷ್ಟೇ. ಆದರೆ ನನ್ನ ರೈಫಲಿನ ಮೂತಿ ತಟಕ್ಕನೆ ಕೆಳಗೆ ಬಾಗಿತು. ಕಣ್ಣು ಮುಚ್ಚಿತು, ಹೆಗಲು ಹಿಂದೆ ಸರಿಯಿತು. ಬಾರದ ಒದೆಗೆ ನಾನು ಮೊದಲೇ ಮುದುಡಿಕೊಂಡಿದ್ದೆ. ನಾಚಿಕೆಯಾಯಿತು. ನನ್ನ ಸಂಸಾರವಿಡೀ ಹೀಗೆಯೇ ಅಲ್ಲವೇ ಎಂದು ಅಲ್ಲೇ ಹೊಳೆಯಿತು. ಫೋನು ಬಂದರೆ ಕೆಟ್ಟ ಸುದ್ದಿಯೆಂದು, ಯಜಮಾನರು ಬರುವುದು ಅರ್ಧ ಗಂಟೆ ತಡವಾದರೆ ಆಸ್ಪತ್ರೆಯೆಂದು ನಾನು ಮುದುಡಿದ ಲೆಕ್ಕ ಇಟ್ಟರೆ, ಅದರಲ್ಲಿ ನೂರಕ್ಕೆ ತೊಂಬತ್ತು ಮದ್ದಿಲ್ಲದ ತೋಟೆಗಳು.

ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. “ಶಾರದಾ, ಒದೆ ಬರ್ತದೆ ಅಂತ ಗೊತ್ತುಂಟಲ್ಲ?”

“ಉಂಟು.”

“ಬರಲಿ. ನೀನು ಬಾಗಿಲಿಗೆ ಅಡ್ಡ ನಿಲ್ಲಬೇಡ. ನೆಂಟ ಬಂದ ಹಾಗೆ ಬರಲಿ, ಒಳಗೆ ಬಿಡು, ಕೂರಿಸು. ಹೋಗ್ತಾನೆ ಅವನು. ಯಾವ ನೆಂಟ ನಮ್ಮಲ್ಲಿ ಉಳಿದಿದ್ದಾನೆ?”

“ನೀವೇ ಉಳಿದಿದ್ದೀರಲ್ಲ” ಎಂದೆ.

“ನಾನು ನೆಂಟನಾ?” ಎಂದು ಅಪ್ಪ ಒಮ್ಮೆ ನನ್ನನ್ನು ನೋಡಿದರು. ನಗುತ್ತಲೇ ಕೇಳಿದ್ದು. ಆದರೂ ಆ ಪ್ರಶ್ನೆ ಕೋವಿಗಿಂತ ಜೋರಾಗಿ ಒದ್ದಿತು. ಅಪ್ಪನಿಗೆ ನಮ್ಮ ಮನೆಯಲ್ಲಿ ತಮ್ಮದು ಎನ್ನಲು ಏನಿದೆ? ಒಂದು ಮಂಚ, ಒಂದು ಟ್ರಂಕು, ಈ ರೈಫಲು. ಹಂದಿ ಬಂದ ದಿನ ನಮಗೆ ಬೇಕಾಗುವ ಮನುಷ್ಯ ತಾನು ಎಂಬ ಒಂದು ಸಮಾಧಾನ. ಕೋವಿ ಸ್ಟೇಷನಿಗೆ ಹೋದರೆ ಹೋಗುವುದು ಬರೀ ಕಬ್ಬಿಣವಲ್ಲ ಎಂದು ನನಗೆ ಪೂರ್ತಿ ಅರ್ಥವಾದದ್ದು ಆಗಲೇ. ಅಲ್ಲಿಯವರೆಗೆ ಬಂಗುಡೆ ಸಾರಿನ ಚಿಂತೆ ಮಾತ್ರ ಮಾಡಿದ್ದೆ.

ಮೂರನೆಯ ಭಾನುವಾರ ಹತ್ತರಲ್ಲಿ ನಾಲ್ಕು ಕಾಗದಕ್ಕೆ ತಾಗಿದವು. ನಡುವಿನ ದಿನಗಳಲ್ಲಿ ಮನೆಗೆಲಸವೆಲ್ಲ ಅಭ್ಯಾಸವೇ. ಕುಕ್ಕರಿನ ಸೀಟಿಗೆ ಬೆಚ್ಚುವವಳು, ಈಗ ಅದರ ಎದುರು ನಿಂತು ಕಣ್ಣು ಮಿಟುಕಿಸದೆ ಕಾಯತೊಡಗಿದೆ. ನಮ್ಮ ಯಜಮಾನರು ಅಡುಗೆಮನೆಗೆ ಬಂದು ನೋಡಿ, “ಕುಕ್ಕರು ನಿನ್ನ ಹತ್ತಿರ ಏನಾದ್ರೂ ತಪ್ಪು ಒಪ್ಪಿಕೊಂಡಿತಾ?” ಎಂದರು. ಭಾನುವಾರಗಳ ಬೆಳಗಿನ ಗಂಜಿ, ಚಟ್ನಿ ಅವರೇ ಮಾಡಿದರು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಚಟ್ನಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಆದರೂ ಮಾಡಿದರಲ್ಲ.

ನಾಲ್ಕನೆಯ ಭಾನುವಾರ ಪರೀಕ್ಷೆ. ಐದು ಗುಂಡು, ನಾಲ್ಕಾದರೂ ಕಾಗದದ ಒಳಗಿರಬೇಕು. ಕುರ್ಚಿಯಲ್ಲಿ ಕೂರುವ ಮೊದಲೇ ನಾನು ದೇವರನ್ನು ಕರೆದು ಮುಗಿಸಿದೆ. ನಡುವಲ್ಲಿ ಕರೆದು ತೊಂದರೆ ಕೊಡುವುದು ಬೇಡವೆಂದು. ಹಿಡಿಯನ್ನು ಒತ್ತಿ ಕೂರಿಸಿದೆ. ಉಸಿರನ್ನು ಅರ್ಧ ಬಿಟ್ಟೆ. ಮೊದಲನೆಯ ಒದೆ ಬಂತು, ಒಳಗೆ ಬಿಟ್ಟೆ, ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಮುದುಡಿದೆ, ಗುಂಡು ಮಣ್ಣಿಗೆ ಹೋಯಿತು. ಹಿಂದೆ ಅಪ್ಪನ ಉಸಿರು ನಿಂತದ್ದು ಕಿವಿಯ ಮುಚ್ಚಳದೊಳಗೂ ಕೇಳಿದ ಹಾಗಾಯಿತು. ಇನ್ನೊಂದು ತಪ್ಪುವ ಹಾಗಿರಲಿಲ್ಲ. ನಾಲ್ಕು. ಐದು.

ಮಾಸ್ಟ್ರು ಹೋಗಿ ಕಾಗದ ತಂದರು. ಬಿಸಿಲಿಗೆ ಹಿಡಿದಾಗ ನಾಲ್ಕು ತೂತುಗಳಲ್ಲಿ ಬೆಳಕು ಬಂತು. ಒಂದು ಅಂಚಿನ ಗೆರೆಯ ಮೇಲೆಯೇ ಇತ್ತು. “ಗೆರೆ ಕಾಗದದ್ದೇ ಅಲ್ವಾ” ಎಂದು ಮಾಸ್ಟ್ರು ಸಹಿ ಹಾಕಿದರು.

ಆಮೇಲೆ ಅವರೇ ಹೇಳಿದರು, “ಸಂಜೀವಣ್ಣ, ಒಂದು ತೋಟೆ ಉಳಿದಿದೆ. ಇವತ್ತಿಗೆ ಕೋವಿ ನಿಮ್ಮ ಹೆಸರಲ್ಲೇ ಉಂಟು.”

ನಾಲ್ಕು ಭಾನುವಾರವೂ ಅಪ್ಪ ಕುರ್ಚಿಯಿಂದ ಎದ್ದು ರೈಫಲು ಮುಟ್ಟಿರಲಿಲ್ಲ. “ಬೇಡ ಮಾಸ್ಟ್ರೇ” ಎಂದರು. “ಹೆಗಲಲ್ಲಿ ಈಗ ಎಂತ ಉಂಟು? ಎಲುಬು ಮಾತ್ರ. ನನ್ನನ್ನು ಕುರ್ಚಿ ಸಮೇತ ಬೀಳಿಸೀತು.” ಅಷ್ಟು ವರ್ಷ ಗಡಿಯಲ್ಲಿ ನಿಂತವರ ಬಾಯಲ್ಲಿ ಹೆದರಿಕೆಯನ್ನು ನಾನು ಕೇಳಿದ್ದು ಅದೊಂದೇ ಸಲ.

“ನಾನು ಹಿಂದೆ ನಿಲ್ತೇನೆ ಅಪ್ಪಾ” ಎಂದೆ.

ಅಪ್ಪ ಕೂತರು. ನಾನು ಹಿಂದೆ ನಿಂತು ಅವರ ಬಲ ಹೆಗಲ ಹಿಂದಿನ ಮೂಳೆಯ ಮೇಲೆ ಎರಡೂ ಅಂಗೈಗಳನ್ನು ಒತ್ತಿ ಹಿಡಿದೆ. ಅಂಗಿಯೊಳಗೆ ಮೈ ಎಷ್ಟು ಕಡಿಮೆ ಉಳಿದಿದೆ! ಮೂರು ಹೊತ್ತು ಬಡಿಸುವವಳಿಗೆ ಅದು ಗೊತ್ತಿರಬೇಕಿತ್ತು. ಅಪ್ಪ ಬಹಳ ಹೊತ್ತು ಗುರಿ ನೋಡಿದರು. ಉಸಿರು ಬಿಡುವುದು ಅಂಗೈಗೆ ತಿಳಿಯಿತು. ಆಮೇಲೆ ಸದ್ದು. ಒದೆ ಅವರ ಹೆಗಲನ್ನು ಹಾದು ನನ್ನ ಅಂಗೈಗೆ ಬಂತು, ಮೊಣಕೈಗೆ ಬಂತು. ಅಪ್ಪ ಕುರ್ಚಿಯಿಂದ ಒಂದಿಂಚೂ ಅಲುಗಲಿಲ್ಲ.

ಎದುರಿನ ಗೋಡೆಯಲ್ಲಿ, ಕಾಗದಕ್ಕಿಂತ ತುಂಬ ಮೇಲೆ, ಕೆಂಪು ಧೂಳು ಎದ್ದಿತು. ನಾನೂ ಮಾಸ್ಟ್ರೂ ಮುಖ ನೋಡಿಕೊಂಡೆವು.

“ಮೇಲೆ ಹೋಯ್ತು” ಎಂದರು ಅಪ್ಪ, ನಾವು ಸುಳ್ಳು ಹೇಳಲು ಬಾಯಿ ತೆರೆಯುವ ಮೊದಲೇ. ದನಿಯಲ್ಲಿ ಬೇಸರವಿರಲಿಲ್ಲ.

ರಿಕ್ಷಾ ಬಂತು. ಇಷ್ಟು ವರ್ಷಗಳಲ್ಲಿ ಅಪ್ಪ ಆ ರೈಫಲಿನ ಚೀಲವನ್ನು ಅಳಿಯನ ಕೈಗೂ ಕೊಟ್ಟವರಲ್ಲ. ಅಂದು ಹತ್ತುವ ಮೊದಲು ನನ್ನ ಕಡೆ ಚಾಚಿ, “ಹಿಡಿ” ಎಂದರು. ನಾನು ಹಿಡಿದೆ. ಒಳಗೆ ಕೂತು, ಎರಡೂ ಕೈಗಳನ್ನು ಖಾಲಿ ಮಡಿಲಲ್ಲಿ ಇಟ್ಟುಕೊಂಡು, ಕೋರೆಯ ತಿರುವು ದಾಟುವುದರೊಳಗೆ ಅವರು ನಿದ್ದೆಹೋದರು. ತಲೆ ವಾಲಿ ಬಂದು ನಿಂತದ್ದು ನನ್ನ ಬಲ ಹೆಗಲಿಗೆ, ಸರಿಯಾಗಿ ಬದನೆಕಾಯಿ ಬಣ್ಣದ ಜಾಗಕ್ಕೆ. ರಸ್ತೆಯಲ್ಲಿ ಒಂದೊಂದು ಹೊಂಡಕ್ಕೂ ಜೀವ ಹೋಗುವಷ್ಟು ನೋವು.

“ಅಜ್ಜ ಮಲಗಿದ್ರಾ ಅಕ್ಕ? ಸ್ವಲ್ಪ ಬೇಗ ಬಿಡ್ಲಾ?” ಎಂದು ರಿಕ್ಷಾದವನು ಕನ್ನಡಿಯಲ್ಲಿ ನೋಡಿ ಕೇಳಿದ.

“ಬೇಡ” ಎಂದೆ. “ಮೆಲ್ಲ ಹೋಗಿ.”